ಗೋಡೆಯ ಮೇಲಿನ ನನ್ನ ಫೋಟೋ

ಆ ಹೆಂಗಸು ಕರ್ಚೀಫಿನ ಗಂಟು ಬಿಚ್ಚಿ ಆಸ್ಪತ್ರೆಯಲ್ಲಿ ನಾನು ಔಷಧಿ ಕೊಡುವ ಕಿಟಕಿಯ ಕಟ್ಟೆಯ ಮೇಲೆ ಸುರಿದಾಗ, ಅದೇನೆಂದು ಮೊದಲು ನನಗೆ ತಿಳಿಯಲಿಲ್ಲ. ಬೆಳ್ಳಿ ಬಣ್ಣದ ತಗಡಿನ ಚೂರುಗಳು. ಒಂದು ಗುಳಿಗೆಯ ಅಳತೆಯವು ಕೆಲವು, ಎರಡರ ಅಳತೆಯವು ಕೆಲವು. ಎಲ್ಲವೂ ಖಾಲಿ. ಗುಳಿಗೆ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಬಿಡಿಬಿಡಿಯಾಗಿ ಮಾರಿದ ಗುರುತು ಅದು. ಒಂದರ ಮೇಲೂ ಔಷಧಿಯ ಹೆಸರು ಪೂರ್ತಿ ಇರಲಿಲ್ಲ.

"ಇವೇನ್ ಅದಾವ ನೋಡ್ರಿ ಅಕ್ಕಾರ. ನಮ್ಮ ಮನಿಯವರ ಅಂಗಿ ಕಿಸೇದಾಗ, ಹಾಸಿಗಿ ಬುಡಕ, ಬಳಿ ಡಬ್ಬಿ ಒಳಗ, ಎಲ್ಲಾ ಕಡೆ ಸಿಗಾಕತ್ತಾವ" ಅಂದಳು. "ಕುಡ್ಯೂದು ಬಿಟ್ಟಾರ, ಖರೇ. ಆದ್ರ ಮನ್ಯಾಗ ಇದ್ದೂ ಇಲ್ಲದಂಗ ಆಗ್ಯಾರ. ನಿನ್ನೆ ಬಸ್ಸಿನ್ಯಾಗ ಕುಂತಲ್ಲೇ ಉರುಳಿ ಬಿದ್ರಂತ."

ಅವಳ ಗಂಡ ಬಳೆಗಾರ. ಅವನನ್ನು ನಾನು ಮರೆಯುವ ಹಾಗಿರಲಿಲ್ಲ. ಸಾರಾಯಿ ಬಂದ್ ಆದ ವರ್ಷ ಅದು. ಮಳೆಗಾಲದ ಒಂದು ದಿನ ಬೆಳಗಾಗುವಷ್ಟರಲ್ಲಿ ಸಾರಾಯಿ ಪ್ಯಾಕೀಟು ಅಂಗಡಿಗಳು ಬಾಗಿಲು ಹಾಕಿದ್ದವು. ಎರಡನೇ ದಿನದಿಂದ ರೋಣದ ನಮ್ಮ ಹತ್ತು ಹಾಸಿಗೆಯ ಸಣ್ಣ ಆಸ್ಪತ್ರೆಗೆ ಗಂಡಸರು ನಡುಗುತ್ತ ಬರತೊಡಗಿದ್ದರು. ಕುಡಿಸುವವರು ಹೇಳಿ ಕೇಳಿ ನಿಲ್ಲಿಸಿದರು, ಕುಡಿಯುವವರ ಮೈಗೆ ಹೇಳುವವರು ಯಾರೂ ಇರಲಿಲ್ಲ. ಇವನನ್ನು ಹೆಂಡತಿಯೇ ಕೈಹಿಡಿದು ಕರೆತಂದಿದ್ದಳು. ತನ್ನ ಹೆಗಲ ಮೇಲಿನ ಬಳೆಯ ಮಲಾರದಲ್ಲಿ ಹಾವುಗಳು ಹರಿದಾಡುತ್ತಿವೆ ಎಂದು ಅದನ್ನು ಬೀದಿಗೆ ಎಸೆದು ಬಂದಿದ್ದನಂತೆ.

ನಮ್ಮ ಡಾಕ್ಟರರ ಬಳಿ ಇದಕ್ಕೊಂದು ಗಟ್ಟಿ ಕ್ರಮ ಇತ್ತು. ಬಂದ ಕೂಡಲೇ ಬಿ-ಒಂದು ಜೀವಸತ್ವದ ಸೂಜಿ, ಅದಾದ ಮೇಲೆ ಮಾತ್ರ ಗ್ಲೂಕೋಸ್ ಬಾಟಲಿ. ನಡುಕಕ್ಕೆ ಕ್ಲೋರ್‌ಡಯಾಜೆಪಾಕ್ಸೈಡ್ ಗುಳಿಗೆ, ಮೊದಲ ದಿನ ನಾಲ್ಕು ಹೊತ್ತು, ಆಮೇಲೆ ಎರಡು ದಿನಕ್ಕೊಮ್ಮೆ ಇಳಿಸುತ್ತ ಹತ್ತನೇ ದಿನಕ್ಕೆ ಸೊನ್ನೆ. ಮನೆಗೆ ಕಳಿಸುವಾಗ ಒಂದು ಗುಳಿಗೆಯೂ ಕೈಗೆ ಕೊಡುತ್ತಿರಲಿಲ್ಲ. "ಇದು ಮುರದ ಕಾಲಿಗೆ ಕಟ್ಟಿದ ದಬ್ಬಿ ಇದ್ದಂಗ. ಕಾಲ ಕೂಡಿದ ಮ್ಯಾಲ ಬಿಚ್ಚಬೇಕು. ಬಿಚ್ಚದಿದ್ರ ಅದಽ ಒಂದು ರೋಗ ಆಗ್ತದ" ಎಂದು ಪ್ರತಿ ರೋಗಿಗೂ ಹೇಳುತ್ತಿದ್ದರು. ಬಳೆಗಾರ ಹತ್ತನೇ ದಿನ ಎರಡೂ ಕೈ ಮುಂದೆ ಚಾಚಿ ತೋರಿಸಿ ಹೋಗಿದ್ದ. ಆಗ ಬೆರಳುಗಳು ಅಲುಗಲಿಲ್ಲ.

ಈಗ ನಾಲ್ಕು ತಿಂಗಳ ನಂತರ ಅವನ ಮನೆಯಿಂದ ತಗಡಿನ ಚೂರು ಬಂದಿತ್ತು.

ಬಿಳಿ ಹಾಳೆಯ ಮೇಲೆ ಅಂಟು ಹಚ್ಚಿ ಒಂದೊಂದೇ ಚೂರು ಜೋಡಿಸುತ್ತ ಕೂತೆ. ಒಂದರ ಅಂಚಿನಲ್ಲಿ ಎರಡು ಅಕ್ಷರ, ಇನ್ನೊಂದರಲ್ಲಿ ಮೂರು. ಕಿಟಕಿಯ ಮುಂದೆ ನಿಂತವರು "ಮೇಡಂ ಅವರು ರಂಗೋಲಿ ಹಾಕಾಕತ್ತಾರ" ಎಂದು ನಕ್ಕರು. ಒಂದು ತಾಸು ಹಿಡಿಯಿತು. ಕೊನೆಗೆ ಹೆಸರು ಕೂಡಿತು. ಆಲ್ಪ್ರಜೋಲಮ್, ಅರ್ಧ ಮಿಲಿಗ್ರಾಂ. ಆತಂಕಕ್ಕೆ, ಎದೆ ಹೊಡೆದುಕೊಳ್ಳುವುದಕ್ಕೆ, ನಿದ್ದೆಗೆ ಕೊಡುವ ಗುಳಿಗೆ. ಕುಡಿತ ಬಿಟ್ಟವನ ಕೈಗೆ ಯಾರೂ ಸಲೀಸಾಗಿ ಇಡಬಾರದ ಗುಳಿಗೆ. ಸಾರಾಯಿ ಮೆದುಳಿನ ಯಾವ ಬಾಗಿಲು ತಟ್ಟುತ್ತದೋ ಇದೂ ಅದೇ ಬಾಗಿಲನ್ನೇ ತಟ್ಟುತ್ತದೆ. ಒಂದು ವಾರದಲ್ಲಿ ಆಯ್ದ ಚೂರು ಅಂದಿದ್ದಳು. ಖಾಲಿ ಗುಳಿ ಇಪ್ಪತ್ತೆಂಟಿದ್ದವು. ಎಂದರೆ ದಿನಕ್ಕೆ ನಾಲ್ಕು.

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಯಾರ ಮೇಲೆ ಎಂದು ಈಗ ಕೇಳಿದರೆ, ಮೊದಲು ಕತ್ತರಿ ಹಿಡಿದವನ ಮೇಲೆ. ಪಟ್ಟಿಯನ್ನು ಹೆಸರು ತುಂಡಾಗುವ ಹಾಗೆ ಕತ್ತರಿಸಿ ಕೊಟ್ಟವನಿಗೆ ತಾನು ಏನು ಕೊಡುತ್ತಿದ್ದೇನೆಂದು ಗೊತ್ತು. ತಗೊಂಡವನಿಗೆ ಗೊತ್ತಾಗಬಾರದು, ಅಷ್ಟೆ. ಆದರೆ ಕತ್ತರಿಯವನು ನನ್ನ ಮುಂದೆ ಇರಲಿಲ್ಲ. ಇದ್ದವನು ಬಳೆಗಾರ. ಮರುದಿನ ಹೆಂಡತಿಯ ಜೊತೆ ಅವನನ್ನೂ ಕರೆಸಿದೆ.

ಬಂದ. ಮಾತು ನಾಲಿಗೆಗೆ ಅಂಟಿಕೊಂಡ ಹಾಗೆ ನಿಧಾನ. ಕಣ್ಣು ಅರ್ಧ ಮುಚ್ಚಿದ್ದವು. ಡಾಕ್ಟರು ಮಗಳ ಕಾಲೇಜಿನ ಕೆಲಸಕ್ಕೆ ಬೆಳಗಾವಿಗೆ ಹೋಗಿದ್ದರು, ಎರಡು ದಿನ ಬರುವ ಹಾಗಿರಲಿಲ್ಲ. ಫೋನು ಇತ್ತು. ನಾನು ಮಾಡಲಿಲ್ಲ. ಇಷ್ಟಕ್ಕೆ ಡಾಕ್ಟರು ಯಾಕೆ ಬೇಕು ಅನ್ನಿಸಿತ್ತು. ಅವನ ಚೀಲಕ್ಕೆ ಕೈ ಹಾಕಿದೆ. ಬಳೆಯ ಅಳತೆ ಕಡ್ಡಿ, ಹತ್ತಿ, ಕೆಳಗೆ ಮೂರು ತುಂಡು ಪಟ್ಟಿ. ಅವನ ಕಣ್ಣೆದುರೇ ಗುಳಿಗೆಗಳನ್ನು ಒತ್ತಿ ಒತ್ತಿ ಫಿನಾಯಿಲ್ ಬಕೆಟ್ಟಿಗೆ ಹಾಕಿದೆ.

"ಸಾರಾಯಿ ಬಿಟ್ಟು ಇದನ್ನ ಹಿಡದೀರಿ. ನನ್ನ ಮುಂದ ನಾಟಕ ಬ್ಯಾಡ ಚಾಚಾ. ಇವತ್ತಿನಿಂದ ಒಂದು ಗುಳಿಗಿ ಬಾಯಾಗ ಹೋಗಬಾರದು" ಅಂದೆ.

"ಒಮ್ಮೆಲೇ ಬಿಡೂದೇನ್ರಿ ಬಾಯಾರ?" ಎಂದ, ಮೆಲ್ಲಗೆ.

"ಮತ್ತ? ಮುಹೂರ್ತ ನೋಡಿ ಬಿಡ್ತೀರೇನು? ಒಮ್ಮೆಲೇ."

"ಹೂಂ ರೀ" ಅಂದ. ಅವನು ನನ್ನ ಮಾತು ಕೇಳಿದ. ಅದೇ ಅನಾಹುತವಾಯಿತು.

ಮೂರನೇ ದಿನ ಮಧ್ಯಾಹ್ನ ನರೇಗಲ್ಲಿನ ಸಂತೆಯಿಂದ ಒಂದು ಟೆಂಪೋ ಬಂದು ನಮ್ಮ ಬಾಗಿಲಿಗೆ ನಿಂತಿತು. ಹಿಂದೆ ಸೊಪ್ಪಿನ ಮೂಟೆಗಳ ನಡುವೆ ಬಳೆಗಾರ. ಒಬ್ಬ ಹೆಂಗಸಿಗೆ ಬಳೆ ಇಡುತ್ತಿದ್ದಾಗಲೇ ಕೈ ಸೆಟೆದು, ಬಾಯಲ್ಲಿ ನೊರೆ ಬಂದು, ಬಳೆಗಳ ಮೇಲೆಯೇ ಬಿದ್ದನಂತೆ. ಅಂಗೈ, ಕೆನ್ನೆ, ಕುತ್ತಿಗೆಯ ಬದಿಯಲ್ಲೆಲ್ಲ ಗಾಜು ಹೊಕ್ಕಿತ್ತು. ಟೆಂಪೋದಿಂದ ಇಳಿಸುವಾಗಲೇ ಎರಡನೇ ಸಲ ಸೆಳೆತ ಬಂತು.

ಡಾಕ್ಟರು ಆ ಹೊತ್ತಿಗೆ ಬೆಳಗಾವಿಯಿಂದ ಬಂದಿದ್ದರು. ಪಕ್ಕಕ್ಕೆ ಹೊರಳಿಸಿ ಮಲಗಿಸಿದರು, ಬಾಯಿ ಸ್ವಚ್ಛ ಮಾಡಿಸಿದರು, ಡಯಾಜೆಪಾಮ್ ಸೂಜಿಯನ್ನು ರಕ್ತನಾಳಕ್ಕೆ ಹನಿಹನಿಯಾಗಿ, ಗಡಿಯಾರ ನೋಡುತ್ತ ಕೊಟ್ಟರು. ಉಸಿರು ನಿಂತರೆ ಬೇಕಾಗುತ್ತದೆಂದು ಉಸಿರಿನ ಚೀಲ ಹಿಡಿದು ನಾನು ತಲೆಯ ಬದಿ ನಿಂತಿದ್ದೆ. ಸೆಳೆತ ನಿಂತ ಮೇಲೆ ಡಾಕ್ಟರು ಚಿಮಟಿಗೆ ಹಿಡಿದು ಗಾಜು ತೆಗೆಯತೊಡಗಿದರು. ಹಸಿರು ಗಾಜು, ಕೆಂಪು ಗಾಜು. ಸ್ಟೀಲಿನ ಬಟ್ಟಲಲ್ಲಿ ಟಣ್ ಟಣ್ ಎಂದು ಬೀಳುತ್ತಿತ್ತು.

"ಮತ್ತ ಕುಡದಾರೇನವಾ?" ಎಂದು, ಸುದ್ದಿ ತಿಳಿದು ಓಡಿ ಬಂದಿದ್ದ ಅವನ ಹೆಂಡತಿಯನ್ನು ಕೇಳಿದರು.

ಅವಳು ನನ್ನ ಮುಖ ನೋಡಿದಳು. ನಾನೇ ಹೇಳಿದೆ. ಬಕೆಟ್ಟಿನ ವಿಷಯವನ್ನೂ ಬಿಡದೆ ಹೇಳಿದೆ.

ಡಾಕ್ಟರು ಕೂಗುವ ಮನುಷ್ಯ ಅಲ್ಲ. ಕೂಗಿದ್ದರೆ ಚಲೋ ಇತ್ತು. "ತಿಂಗಳಗಟ್ಟಲೆ ತಗೊಂಡ ಗುಳಿಗಿ ಒಂದು ದಿನದಾಗ ಬಿಡಿಸಿದ್ರಿ. ಸಾರಾಯಿ ಒಮ್ಮೆಲೇ ಬಂದ್ ಆದಾಗ ಏನಾತು ಅನ್ನೂದು ನೀವ ಕಣ್ಣಾರೆ ನೋಡೀರಿ. ಇದರದೂ ಅದಽ ಹಾದಿ. ನೀವು ಫಾರ್ಮಸಿಸ್ಟ್ ಅದೀರಿ ಮೇಡಂ" ಎಂದರು. ಅಷ್ಟೇ. ಮತ್ತೆ ಗಾಜಿಗೆ ಚಿಮಟಿಗೆ ಹಾಕಿದರು.

ನನಗೆ ಇದು ಗೊತ್ತಿಲ್ಲದ ವಿಷಯವಲ್ಲ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೆ. ಸಿಟ್ಟು ಬಂದ ಹೊತ್ತಿಗೆ ಓದಿದ್ದೆಲ್ಲ ಮೂಲೆಗೆ ಹೋಗಿ ಕೂತಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂಬುದು ನನ್ನ ಅವ್ವ ನನಗೇ ಹೇಳುತ್ತಿದ್ದ ಗಾದೆ. ಇಲ್ಲಿ ಕೊಯ್ದದ್ದು ಬೇರೆಯವರ ಮೂಗು. ಇನ್ನೊಂದು ಬೆರಳು ಆಚೆ ಗಾಜು ಹೊಕ್ಕಿದ್ದರೆ ಕುತ್ತಿಗೆಯ ರಕ್ತನಾಳವೇ ತುಂಡಾಗುತ್ತಿತ್ತು.

ಎರಡು ದಿನದ ನಂತರ ಅವನು ಎದ್ದು ಕೂತಾಗ ಡಾಕ್ಟರು ನನಗೊಂದು ಕೆಲಸ ಹೇಳಿದರು. ಎಲ್ಲಿಂದ, ಎಷ್ಟು, ಎಂದಿನಿಂದ ತಗೊಂಡ ಎಂದು ಅವನ ಬಾಯಿಂದಲೇ ಬರೆದುಕೊಂಡು ಬರಬೇಕು. ಲೆಕ್ಕ ತಪ್ಪಿದರೆ ಬಿಡಿಸುವ ದಾರಿಯೂ ತಪ್ಪುತ್ತದೆ. ನಾನು ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಮೊದಲು ಕ್ಷಮೆ ಕೇಳಿದೆ. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲವೋ, ಕೇಳಿಸಿಕೊಳ್ಳಲು ನಾಚಿದನೋ, ನೇರ ಕಥೆಗೇ ಬಂದ.

ಇಲ್ಲಿಂದ ಹೋದ ಮೇಲೆ ನಿದ್ದೆ ಇಲ್ಲ. ಎದೆ ಡಬಡಬ. ಬಳೆ ಇಡುವಾಗ ಅವನ ಕೈ ನಡುಗುವುದನ್ನು ನೋಡಿ ಹೆಂಗಸರು ಕೈ ಹಿಂದಕ್ಕೆ ಎಳೆದುಕೊಳ್ಳುವರು. ನರಗುಂದದ ಸಂತೆಗೆ ಹೋದಾಗ ಅಲ್ಲಿನ ಒಬ್ಬ ಡಾಕ್ಟರ ಬಳಿ ಎದೆ ಹೊಡೆದುಕೊಳ್ಳುತ್ತದೆ ಅಂದಿದ್ದ. ಕುಡಿತದ ಸುದ್ದಿ ಹೇಳಿರಲಿಲ್ಲ. "ಹ್ಯಾಂಗ ಹೇಳ್ಲಿರಿ? ಮಂದಿ ಕುಂತಿತ್ತು. ಗುರುತಿನವರು ಇದ್ರು" ಎಂದ. ಆ ಡಾಕ್ಟರು ಹತ್ತು ದಿನಕ್ಕೆಂದು ಬರೆದುಕೊಟ್ಟರು. ಹತ್ತೇ ದಿನ. ಅವರದೇನೂ ತಪ್ಪಿಲ್ಲ. ಆ ಚೀಟಿ ಮುಗಿದ ಮೇಲೆ ಅವನು ಚೀಟಿ ಇಲ್ಲದೆಯೇ ಗಜೇಂದ್ರಗಡದ ಒಂದು ಅಂಗಡಿಯಲ್ಲಿ ತಗೊಳ್ಳತೊಡಗಿದ. ಸಂತೆಗೆ ಹೋದಾಗೊಮ್ಮೆ ವಾರಕ್ಕಾಗುವಷ್ಟು. ಒಂದು ಇದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು.

"ಚೀಟಿ ಇಲ್ಲದ ಕೊಟ್ರ ತಗೋಬಾರದು ಅಂತ ಡಾಕ್ಟ್ರು ಇಲ್ಲೇ ಹೇಳಿದ್ರಲ್ಲ ಚಾಚಾ?"

ಅವನು ಪಟ್ಟಿ ಸುತ್ತಿದ ಕೈಯನ್ನು ನೋಡಿಕೊಂಡ. ಆಮೇಲೆ ಅಂದ: "ಅಲ್ಲೆ ಗೋಡಿ ಮ್ಯಾಲ ನಿಮ್ಮ ಫೋಟೋ ಐತೆಲ್ರಿ ಬಾಯಾರ. ಚೌಕಟ್ಟ ಹಾಕಿ, ಕುಂಕುಮ ಹಚ್ಚಿ ಇಟ್ಟಾರ. ನಿಮ್ಮ ಅಂಗಡಿ ಅಂತ ತಿಳಕೊಂಡ್ನಿ. ನೀವ ಕೊಟ್ಟಂಗ ಅಂತ ತಗೊಂಡ್ನಿ."

ಅಂಗಡಿಯ ಹೆಸರು ಕೇಳುವ ಅಗತ್ಯವೇ ಬೀಳಲಿಲ್ಲ.

ಗಜೇಂದ್ರಗಡದ ಆ ಔಷಧಿ ಅಂಗಡಿ ನನ್ನ ಭಾವನದು, ಗಂಡನ ಅಣ್ಣನದು. ಅಂಗಡಿಯ ಪರವಾನಗಿಗೆ ಒಬ್ಬ ಫಾರ್ಮಸಿಸ್ಟ್ ಬೇಕು. ನಾನು ಆ ಮನೆಗೆ ಸೊಸೆಯಾಗಿ ಬಂದ ವರ್ಷವೇ "ಮನ್ಯಾಗ ಸರ್ಟಿಫಿಕೇಟ್ ಇರೂ ಮುಂದ ಹೊರಗಿನವರು ಯಾಕ" ಎಂದು ಫೋಟೋ ಅಂಟಿಸಿದ ನನ್ನ ನೋಂದಣಿ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಅಲ್ಲಿ ತೂಗುಹಾಕಿದ್ದರು. ಕಾಯಿದೆಯ ಪ್ರಕಾರ ನಾನು ಅಲ್ಲಿ ಕೂತಿರಬೇಕು, ನನ್ನ ಕಣ್ಣ ಮುಂದೆಯೇ ಇಂಥ ಗುಳಿಗೆ ಹೋಗಬೇಕು. ನಾನು ಕೂತಿದ್ದು ರೋಣದಲ್ಲಿ, ಈ ಆಸ್ಪತ್ರೆಯ ಕಿಟಕಿಯಲ್ಲಿ, ಅದೇ ಪ್ರಮಾಣಪತ್ರದ ಝೆರಾಕ್ಸ್ ಪ್ರತಿ ಕೊಟ್ಟು. ನಮ್ಮ ಕಡೆ ಅರ್ಧಕ್ಕರ್ಧ ಅಂಗಡಿಗಳ ಸಂಸಾರ ಹೀಗೇ ಇತ್ತು, ಫೋಟೋ ಒಂದೂರಲ್ಲಿ, ಮನುಷ್ಯ ಇನ್ನೊಂದೂರಲ್ಲಿ. ಯಾರೂ ತಪ್ಪೆಂದು ತಿಳಿದಿರಲಿಲ್ಲ. ನಾನೂ ತಿಳಿದಿರಲಿಲ್ಲ.

ಇದರಲ್ಲಿ ಇನ್ನೂ ನಾಚಿಕೆಯ ಸಂಗತಿ ಒಂದಿದೆ. ಇಂಥ ಗುಳಿಗೆ ಮಾರಿದಾಗ ರೋಗಿಯ ಹೆಸರು, ಡಾಕ್ಟರ ಹೆಸರು ಬರೆದು ಫಾರ್ಮಸಿಸ್ಟ್ ಸಹಿ ಹಾಕುವ ಒಂದು ರಜಿಸ್ಟರು ಇರುತ್ತದೆ. ಪ್ರತಿ ದೀಪಾವಳಿಗೆ ಅಂಗಡಿ ಪೂಜೆಗೆಂದು ನನ್ನನ್ನು ಕರೆಸುತ್ತಿದ್ದರು. ಪೂಜೆಯಾದ ಮೇಲೆ ನೆಗೆಣ್ಣಿ, ಎಂದರೆ ಭಾವನ ಹೆಂಡತಿ, ಅರಿಶಿನ ಕುಂಕುಮ ಕೊಟ್ಟು ಸೀರೆ ಉಡಿಗೆ ಹಾಕುವಳು. ಭಾವ ರಜಿಸ್ಟರು ತಂದು ಮುಂದಿಡುವರು. ಉಡಿಯಲ್ಲಿ ಸೀರೆ ಇಟ್ಟುಕೊಂಡೇ ನಾನು ಒಂದು ವರ್ಷದ ಸಹಿ ಹಾಕಿ ಮುಗಿಸುತ್ತಿದ್ದೆ. ಆ ವರ್ಷದ ದೀಪಾವಳಿ ಮುಗಿದು ಇನ್ನೂ ಹದಿನೈದು ದಿನವೂ ಆಗಿರಲಿಲ್ಲ.

ಅಂದು ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವರು ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಅಣ್ಣನ ಅಂಗಡಿ. ಸರ್ಟಿಫಿಕೇಟ್ ನಿಂದು. ನಾ ಏನ್ ಹೇಳ್ಲಿ" ಅಂದರು. ಬೇಡ ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮರುದಿನ ನಾನು ರಜೆ ಹಾಕಿ ಗಜೇಂದ್ರಗಡದ ಬಸ್ಸು ಹತ್ತಿದೆ.

"ಬಾ ತಂಗಿ, ಚಾ ತರಸ್ಲೇನು?" ಎಂದರು ಭಾವ. ಅಂಗಡಿಯಲ್ಲಿ ಮೂರ್ನಾಲ್ಕು ಗಿರಾಕಿಗಳಿದ್ದರು. ಗೋಡೆಯ ಮೇಲೆ ಸಾಲಾಗಿ ಲಕ್ಷ್ಮಿ, ಗಣಪತಿ, ನಾನು. ಮೂವರಿಗೂ ದೀಪಾವಳಿಯ ಕುಂಕುಮ ಇನ್ನೂ ಹಾಗೇ ಇತ್ತು. ಫೋಟೋದಲ್ಲಿ ನಾನು ಎರಡು ಜಡೆ ಹಾಕಿಕೊಂಡು, ಜಗತ್ತನ್ನೇ ಉದ್ಧಾರ ಮಾಡುವವಳ ಹಾಗೆ ನೋಡುತ್ತಿದ್ದೆ.

ಚಹಾ ಬೇಡವೆಂದು ರಜಿಸ್ಟರು ಕೇಳಿದೆ. ತೆಗೆದು ನೋಡಿದರೆ ವಾರವಾರವೂ ಆಲ್ಪ್ರಜೋಲಮ್, ವಾರವಾರವೂ ಬೇರೆ ಬೇರೆ ರೋಗಿಯ ಹೆಸರು. ಯಾವ ಊರಿನಲ್ಲೂ ಇಲ್ಲದ ರೋಗಿಗಳು, ಯಾವ ಆಸ್ಪತ್ರೆಯಲ್ಲೂ ಇಲ್ಲದ ಡಾಕ್ಟರು. ಪ್ರತಿ ಸಾಲಿನ ಕೊನೆಗೆ ನನ್ನ ಸಹಿ. ಮುದ್ದಾದ ಸಹಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮತ್ತು ಆ ಬೇಲಿ ನಾನೇ.

"ಆ ಬಳಿಗಾರಗ ಗುಳಿಗಿ ಕೊಟ್ಟವರು ನೀವಽ ಏನ್ರಿ ಭಾವಾರ?"

"ಬರ್ತಾನ. ಕೈ ನಡಗ್ತಾವ ಅಂತಾನ. ಕೊಡ್ತೀನಿ" ಎಂದರು, ಇದೇನು ಹೊಸ ಮಾತು ಎಂಬಂತೆ. "ನಾ ಕೊಡದಿದ್ರ ಬಾಜೂ ಅಂಗಡ್ಯಾಗ ತಗೋತಾನ. ಸಾರಾಯಿಗಿಂತ ಇದು ಚಲೋ ಅಲ್ಲೇನು?"

"ಹೆಸರು ತುಂಡಾಗೂ ಹಂಗ ಯಾಕ ಕತ್ತರಿಸಿದ್ರಿ?"

ಅವರು ಗಿರಾಕಿಗಳ ಕಡೆ ನೋಡಿ "ಊರ ಉಸಾಬರಿ ನಿನಗ್ಯಾಕವಾ. ಒಳಗ ಹೋಗು, ನಿಮ್ಮಕ್ಕ ಅಡಗಿ ಮಾಡ್ಯಾಳ, ಉಂಡು ಹೋಗು" ಅಂದರು. ನರೇಗಲ್ಲಿನ ಸಂತೆಯಲ್ಲಿ ಆದದ್ದನ್ನು, ಕುತ್ತಿಗೆಗೆ ಹೊಕ್ಕ ಗಾಜನ್ನು ಎಲ್ಲ ಹೇಳಿದೆ. "ಅದು ನೀ ಬಿಡಿಸಿದ್ದಕ್ಕ ಆತಲ್ಲ. ನಾ ಕೊಟ್ಟದ್ದಕ್ಕ ಆಗಲಿಲ್ಲ" ಎಂದರು.

ಆ ಮಾತು ಅರ್ಧ ಖರೇ ಇತ್ತು. ಅದಕ್ಕೇ ನನಗೆ ಅಷ್ಟು ಉರಿಯಿತು. ನನ್ನ ಪಾಲಿನ ತಪ್ಪನ್ನು ನಾನು ಒಪ್ಪಿಕೊಂಡಿದ್ದೆ, ಅದನ್ನೇ ಎತ್ತಿ ಭಾವ ತಮ್ಮ ತಪ್ಪಿನ ಮೇಲೆ ಮುಚ್ಚಳ ಹಾಕಿಕೊಂಡರು. ಮೇಲಿನ ಕಪಾಟಿಗೆ ಹತ್ತುವ ಸ್ಟೂಲನ್ನು ಎಳೆದು ಗೋಡೆಗೆ ಹಚ್ಚಿದೆ, ಸೆರಗು ಸಿಕ್ಕಿಸಿಕೊಂಡು ಹತ್ತಿ, ಕಟ್ಟನ್ನು ಮೊಳೆಯಿಂದ ಇಳಿಸಿದೆ. ಹಿಂದೆ ಗೋಡೆಯಲ್ಲಿ ಒಂದು ಬಿಳಿ ಚೌಕ ಉಳಿಯಿತು.

"ಅಂಗಡಿ ಬಾಗಲಾ ಹಾಕಸ್ತೀ ಏನ ನೀ?" ಭಾವನ ಧ್ವನಿ ಈಗ ಬೇರೆಯಾಗಿತ್ತು.

"ಹೌದ್ರಿ. ಫಾರ್ಮಸಿಸ್ಟ್ ಇಲ್ಲದ ಅಂಗಡಿ ತೆರಿಬಾರದು."

"ಮನಿ ಮುರೀತಿ."

"ನಾ ಇಲ್ಲೆ ಕೂಡ್ತಿದ್ದಿಲ್ಲ, ಫೋಟೋ ಅಷ್ಟ ಕೂಡ್ತಿತ್ತು. ಅದನ್ನ ಒಯ್ಯಾಕತ್ತೀನಿ" ಅಂದೆ. ನೆಗೆಣ್ಣಿ ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಊಟಕ್ಕೆ ಏಳು ಅನ್ನಲಿಲ್ಲ.

ಅಂಚೆ ಕಚೇರಿಯಲ್ಲೇ ಕೂತು ಗದಗಿನ ಔಷಧ ನಿಯಂತ್ರಣ ಕಚೇರಿಗೆ ಪತ್ರ ಬರೆದೆ. ಈ ಅಂಗಡಿಯಿಂದ ನನ್ನ ಹೆಸರು ತೆಗೆಯಬೇಕು, ಇಷ್ಟು ವರ್ಷ ನಾನು ಅಲ್ಲಿ ಕೂತಿಲ್ಲ, ರಜಿಸ್ಟರಿನ ಸಹಿಗಳು ನೋಡದೆ ಹಾಕಿದವು ಎಂದು. ಕೊನೆಯ ವಾಕ್ಯ ಬರೆಯುವಾಗ ಕೈ ತಡೆಯಿತು. ನನ್ನ ನೋಂದಣಿಯೇ ಹೋದರೆ ಕಿಟಕಿಯೂ ಹೋಗುತ್ತದೆ. ಬರೆದೆ, ರಿಜಿಸ್ಟರ್ ಪೋಸ್ಟು ಮಾಡಿದೆ. ಮುಂದೆ ಕಾರಣ ಕೇಳಿ ನೋಟೀಸು ಬಂತು, ಗದಗಿಗೆ ಮೂರು ಸಲ ಹೋಗಿ ನಿಂತು ಬಂದೆ, ಎಚ್ಚರಿಕೆ ಕೊಟ್ಟು ಬಿಟ್ಟರು. ಆ ಯುಗಾದಿಗೆ ಬೇವು ಬೆಲ್ಲಕ್ಕೆ ನಮ್ಮನ್ನು ಯಾರೂ ಕರೆಯಲಿಲ್ಲ.

ಇತ್ತ ಬಳೆಗಾರನ ಗುಳಿಗೆ ಬಿಡಿಸುವ ಕೆಲಸ ಶುರುವಾಗಿತ್ತು. ಬಿಡಿಸಲಿಕ್ಕೆ ಮೊದಲು ಮತ್ತೆ ಕೊಡಬೇಕಾಯಿತು. ಬಕೆಟ್ಟಿಗೆ ಹಾಕಿದ ಕೈಯಿಂದಲೇ ಎಣಿಸಿ ಕೊಟ್ಟೆ. ಡಾಕ್ಟರು ಧಾರವಾಡದ ಒಬ್ಬ ಮಾನಸಿಕ ವೈದ್ಯರನ್ನು ಫೋನಿನಲ್ಲಿ ಕೇಳಿ, ಬೇಗ ಏರಿ ಬೇಗ ಇಳಿಯುವ ಆಲ್ಪ್ರಜೋಲಮ್ ಬದಲಿಗೆ ಮೈಯಲ್ಲಿ ನಿಧಾನ ಕರಗುವ ಡಯಾಜೆಪಾಮ್‌ಗೆ ಬದಲಾಯಿಸಿದರು. ಎರಡು ವಾರಕ್ಕೊಮ್ಮೆ ಒಂದು ಸಣ್ಣ ಪಾಲು ಕಡಿಮೆ, ಕೊನೆಕೊನೆಗೆ ಇನ್ನೂ ಸಣ್ಣ ಪಾಲು. ಒಬ್ಬರೇ ಡಾಕ್ಟರು, ಒಂದೇ ಕಿಟಕಿ, ಒಂದು ಸಲಕ್ಕೆ ಒಂದೇ ವಾರದ ಗುಳಿಗೆ. ಗುಳಿಗೆ ಹೆಂಡತಿಯ ಟ್ರಂಕಿನಲ್ಲಿ. ಗುಳಿಗೆಯ ಮಂಪರಿನಲ್ಲಿ ಬೀಳಬಾರದೆಂದು ಅವನ ಹಳೆಯ ಲೂನಾ ಗಾಡಿ ಬಂದ್, ಸಂತೆಗೆ ಬಸ್ಸಿನಲ್ಲೇ ಹೋಗಬೇಕು. ನೆಗಡಿಯ ಗುಳಿಗೆ, ಕೆಮ್ಮಿನ ಔಷಧಿ ಕೂಡ ಕೇಳದೆ ತಗೊಳ್ಳುವ ಹಾಗಿಲ್ಲ, ಅವುಗಳಲ್ಲೂ ನಿದ್ದೆ ಬರಿಸುವ ಅಂಶ ಇರುತ್ತದೆ. ನಾನು ಪಟ್ಟಿಯನ್ನು ಹೆಸರು ತುಂಡಾಗದ ಹಾಗೆ ಕತ್ತರಿಸಿ, ಹೆಸರು ಮತ್ತು ತಾರೀಕು ಅವನ ಕೈಯಲ್ಲಿ ಉಳಿಯುವ ಹಾಗೆ ಕೊಡುತ್ತಿದ್ದೆ. ಖಾಲಿ ತಗಡು ತಂದು ತೋರಿಸಿದರೆ ಮಾತ್ರ ಮುಂದಿನ ವಾರದ್ದು.

ಇವೆಲ್ಲಕ್ಕಿಂತ ಅವನಿಗೆ ಕಷ್ಟವಾದದ್ದು ನರಗುಂದಕ್ಕೆ ಹೋಗಿ ಆ ಡಾಕ್ಟರ ಮುಂದೆ ನಿಂತು, ನಾನು ಕುಡಿಯುತ್ತಿದ್ದೆ ಎಂದು ಹೇಳುವುದು. ಅವರು ಇನ್ನೊಮ್ಮೆ ತಿಳಿಯದೆ ಬರೆದುಕೊಡಬಾರದಲ್ಲ. ಎರಡು ವಾರ ನೆಪ ಹೇಳಿದ. ಮೂರನೇ ವಾರ ಹೋಗಿ ಬಂದ. "ಹೇಳಿದ್ನಿ. ಮಂದಿನೂ ಕೇಳಿಸ್ಕೊಂಡ್ರು. ಯಾರೂ ಏನೂ ಅನ್ನಲಿಲ್ರಿ" ಎಂದ, ತನಗೇ ಆಶ್ಚರ್ಯ ಎಂಬಂತೆ.

ಇಳಿಕೆ ನೇರವಾಗಿ ಇಳಿಯಲಿಲ್ಲ. ಮದುವೆಯ ಹಂಗಾಮಿನಲ್ಲಿ ಯಾವಗಲ್ಲಿನ ಒಂದು ಮನೆಗೆ ಬಳೆ ಇಡಲು ಹೋದವನು ಬಾಯಿಯಲ್ಲಿ ವಾಸನೆ ಹೊತ್ತು ನನ್ನ ಕಿಟಕಿಗೆ ಬಂದ. ಸಾರಾಯಿ ಬಂದ್ ಆಗಿತ್ತು, ಬಾರಿನ ಬಾಟಲಿ ಬಂದ್ ಆಗಿರಲಿಲ್ಲ. ಮತ್ತೆ ಅದೇ ಸಿಟ್ಟು, ಅದೇ ನೆತ್ತಿ. ಕುಡಿದ ಮೈಗೆ ಈ ಗುಳಿಗೆ ಕೊಟ್ಟರೆ ಉಸಿರೇ ನಿಲ್ಲಬಹುದು, ಪೂರಾ ಕೊಡದಿದ್ದರೆ ಸೆಳೆತ ಬರಬಹುದು. ನಾನು ಗುಳಿಗೆಯ ಡಬ್ಬಿ ಮುಚ್ಚಿ, ನಾಲಿಗೆ ಕಚ್ಚಿಕೊಂಡು ಡಾಕ್ಟರನ್ನು ಕರೆದೆ. ಅವರು ಒಂದು ದಿನ ವಾರ್ಡಿನಲ್ಲಿ ಮಲಗಿಸಿ, ನಾಡಿ ಉಸಿರು ನೋಡುತ್ತ, ಅಮಲು ಇಳಿದ ಮೇಲೆ ಗುಳಿಗೆ ಮುಂದುವರಿಸಿದರು. ನಾನು ಬೈದದ್ದು ಮರುದಿನ. ಬೈಗುಳಕ್ಕೆ ಒಂದು ದಿನ ತಡವಾದರೆ ಯಾರೂ ಸಾಯುವುದಿಲ್ಲ ಎಂದು ಅಷ್ಟೊತ್ತಿಗೆ ಕಲಿತಿದ್ದೆ.

ಬೇಸಿಗೆಯಲ್ಲಿ ಇನ್ನೊಂದು ಪಾಲು ಇಳಿಸಿದ ವಾರ ಕೈ ನಡುಗಿ ಶಿರೋಳದಲ್ಲಿ ಒಂದು ಹುಡುಗಿಯ ಮಣಿಕಟ್ಟಿಗೆ ಬಳೆ ಚುಚ್ಚಿತು. ಹುಡುಗಿಯ ತಾಯಿ ಊರ ಮುಂದೆ ಉಗಿದು ಕಳಿಸಿದಳಂತೆ. ಅವನು ಬಂದು ಮಲಾರವನ್ನು ನನ್ನ ಕಟ್ಟೆಯ ಮೇಲೆ ಇಟ್ಟುಬಿಟ್ಟ. "ಸಾಕ್ರಿ ಬಾಯಾರ. ಮೊದಲಿನಂಗ ನಾಲ್ಕು ಕೊಟ್ಟಬಿಡ್ರಿ. ಕೈ ನಿಂತ್ರ ಹೊಟ್ಟಿ ನಡೀತದ" ಎಂದ. ಡಾಕ್ಟರು ಮೇಲಕ್ಕೆ ಏರಿಸಲಿಲ್ಲ, ಕೆಳಕ್ಕೂ ಇಳಿಸಲಿಲ್ಲ. ಅಷ್ಟರಲ್ಲೇ ಒಂದು ತಿಂಗಳು ನಿಲ್ಲಿಸಿದರು. ಆ ತಿಂಗಳು ಅವನು ಬಳೆ ಇಡಲಿಲ್ಲ. ಹೆಂಡತಿ ಇಟ್ಟಳು, ಅವನು ಪಕ್ಕದಲ್ಲಿ ಕೂತು ಅಳತೆ ನೋಡಿ ಆರಿಸಿ ಕೊಟ್ಟ. ನಾಗರ ಪಂಚಮಿಯ ಹೊತ್ತಿಗೆ ತಾನೇ ಇಡಬೇಕು ಎಂದು ಮಾತ್ರ ವಾರವಾರ ಹೇಳುತ್ತಿದ್ದ. ಬಳೆಗಾರನಿಗೆ ಪಂಚಮಿ ತಪ್ಪಿದರೆ ವರ್ಷವೇ ತಪ್ಪಿದ ಹಾಗೆ.

ಕೊನೆಯ ಕಾಲು ಗುಳಿಗೆಯ ಖಾಲಿ ತಗಡನ್ನು ಅವನು ತಂದುಕೊಟ್ಟಾಗ ಸಾರಾಯಿ ಬಂದ್ ಆಗಿ ಒಂದು ವರ್ಷ ದಾಟಿತ್ತು. ಮೂರು ವಾರ ಬಿಟ್ಟು, ಪಂಚಮಿಯ ಮುಂಚಿನ ದಿನ ಮಲಾರ ಹೊತ್ತು ಮತ್ತೆ ಬಂದ. ನಾನು ಕಿಟಕಿಯ ಹೊರಗೆ ಬಂದು ಬೆಂಚಿನ ಮೇಲೆ ಕೂತು ಕೈ ಕೊಟ್ಟೆ.

"ಕೈ ಸಡ್ಲ ಬಿಡ್ರಿ" ಅಂದ. ಬಿಗಿ ಹಿಡಿದದ್ದು ನಾನೇ. ಹಸಿರು ಬಳೆ, ಒಂದು ಕೈಗೆ ಆರು. ಅವನ ಕೆನ್ನೆಯ ಮೇಲೆ ಗಾಯದ ಗೆರೆ ಬೆಳ್ಳಗೆ ಉಳಿದಿತ್ತು. ಮೂರನೆಯದು ಒಡೆಯಿತು. ಅವನು ಚೂರನ್ನು ಆರಿಸಿ ಕಾಗದದಲ್ಲಿ ಸುತ್ತಿ ಬದಿಗಿಟ್ಟು, "ಇದು ನಿಮ್ಮ ಗೆಣ್ಣು ದಪ್ಪ ಇದ್ದದ್ದಕ್ಕ" ಎಂದು ಇನ್ನೊಂದು ಅಳತೆಯದನ್ನು ತೆಗೆದ. ಉಳಿದವು ಒಡೆಯಲಿಲ್ಲ.

ಎಲ್ಲ ಮುಗಿದ ಮೇಲೆ ಕಿಸೆಯಿಂದ ಬಳೆ ಸುತ್ತುವ ತೆಳು ಕಾಗದ ತೆಗೆದು ನನ್ನ ಮುಂದೆ ಇಟ್ಟ. ಅದರ ಮೇಲೆ ಇಂಗ್ಲಿಷ್ ಅಕ್ಷರಗಳು. ಓದು ಬಾರದವನು ಚಿತ್ರ ಬರೆಯುವ ಹಾಗೆ ಒಂದೊಂದನ್ನೇ ನೋಡಿ ನೋಡಿ ಬರೆದದ್ದು. ಗೆರೆಗಳು ನೇರವಾಗಿದ್ದವು. ಒಂದು ಹೆಣ್ಣುಮಗಳ ಹೆಸರು, ಕೆಳಗೆ ಬಾಗಲಕೋಟೆ ಕಡೆಯ ಒಂದು ಊರು.

"ಗಜೇಂದ್ರಗಡದ ಅಂಗಡಿ ಮತ್ತ ತೆರದೈತ್ರಿ. ನಿಮ್ಮ ಜಾಗಾದಾಗ ಈಗ ಈಕಿ ಫೋಟೋ ಐತಿ. ಸಣ್ಣ ಹುಡುಗಿ. ಅಂಗಡ್ಯಾಗ ಕೇಳಿದ್ರ ಯಾರೂ ಆಕಿನ್ನ ನೋಡಿಲ್ಲ" ಎಂದ.

"ನೀವು ಆ ಅಂಗಡಿ ಒಳಗ ಯಾಕ ಹೋಗಿದ್ರಿ?" ನನ್ನ ಧ್ವನಿ ಏರಿತು.

"ಹೆಸರ ಬರಕೊಂಡ ಬರಾಕ್ರಿ. ಬರಿಯೂತನಕ ನಿಂತಿದ್ನಿ. ಎಷ್ಟ ಬೇಕು ಅಂತ ಅವರಽ ಕೇಳಿದ್ರು. ಏನೂ ಬ್ಯಾಡ ಅಂದ್ನಿ." ಮಲಾರವನ್ನು ಹೆಗಲಿಗೇರಿಸಿದ. "ಆಕಿಗೆ ಗೊತ್ತಿರಾಕಿಲ್ಲ. ನೀವು ಹೇಳ್ರಿ."

ಅವನು ಹೋದ ಮೇಲೆ ಕಿಟಕಿ ಮುಚ್ಚಿ ಕೂತೆ. ಭಾವನ ಮೇಲಿನ ಸಿಟ್ಟು, ನನ್ನ ಮೇಲಿನ ಸಿಟ್ಟು, ಯಾವುದೂ ಒಂದು ಎಳೆಯಷ್ಟೂ ಕಡಿಮೆಯಾಗಿರಲಿಲ್ಲ. ಬರೆಯುವಾಗ ಹೊಸ ಬಳೆಗಳು ಮೇಜಿಗೆ ತಾಗಿ ಸದ್ದು ಮಾಡುತ್ತಿದ್ದವು. ಹೆಸರು, ಊರು ಆ ಕಾಗದ ನೋಡಿ ಬರೆದು, ಕೆಳಗೆ ಶುರು ಮಾಡಿದೆ: ತಂಗಿ, ನೀನು ಕಾಲಿಡದ ಊರಿನ ಒಂದು ಅಂಗಡಿಯಲ್ಲಿ ನಿನ್ನ ಫೋಟೋ ಗುಳಿಗೆ ಮಾರುತ್ತಿದೆ.